ಸತ್ತ ಪ್ರೋಬ್ ‘ಏಳು’ ಎನ್ನುತ್ತದೆ

1909ನೇ ಇಸವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಊರುಗಳಲ್ಲಿ ನೀರಿನ ಲೆಕ್ಕ ನಡೆಯುತ್ತಿತ್ತು. ಕೋಪನ್‌ಹೇಗನ್‌ನಲ್ಲಿ, ಕಾರ್ಲ್ಸ್‌ಬರ್ಗ್ ಬಿಯರಿನವರ ಪ್ರಯೋಗಾಲಯದಲ್ಲಿ, ಸೋರೆನ್ಸನ್ ಎಂಬ ರಸಾಯನಶಾಸ್ತ್ರಜ್ಞ ದ್ರವದ ಹುಳಿಯನ್ನು ಒಂದೇ ಅಂಕಿಯಲ್ಲಿ ಹೇಳುವ ‘ಪಿಎಚ್’ ಎಂಬ ಮಾನವನ್ನು ಪ್ರಕಟಿಸಿದ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹೇಬರ್ ಮತ್ತು ಆತನ ಪೋಲಿಷ್ ಸಹೋದ್ಯೋಗಿ ಕ್ಲೆಮೆನ್‌ಸೀವಿಚ್ ತೆಳ್ಳನೆಯ ಗಾಜಿನ ಗುಂಡೊಂದನ್ನು ದ್ರವದಲ್ಲಿ ಅದ್ದಿದರೆ ಆ ಹುಳಿಗೆ ತಕ್ಕಷ್ಟು ವಿದ್ಯುತ್ ಒತ್ತಡ ಹುಟ್ಟುತ್ತದೆ ಎಂದು ತೋರಿಸಿದರು. ಮೂರನೆಯ ಊರು ಹೈದರಾಬಾದ್. ಹಿಂದಿನ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಗಿತ್ತು. ಮತ್ತೆ ಹಾಗಾಗದಂತೆ ಏನು ಮಾಡಬೇಕೆಂದು ಹೇಳಲು ನಿಜಾಮರ ಸರಕಾರ ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತ್ತು.

ವಿಶ್ವೇಶ್ವರಯ್ಯ ಮೊದಲು ಮಾಡಿದ್ದು ಎಣಿಕೆ. ನಗರದ ಮೇಲ್ಭಾಗದಲ್ಲಿ ಮೂಸಿಗೆ ನೀರು ಹರಿಸುವ ಪ್ರದೇಶದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಈ ಲೆಕ್ಕದ ಮೇಲೆ ಅವರು ಎರಡು ಜಲಾಶಯಗಳನ್ನು ಸೂಚಿಸಿದರು. ಒಂದು 1920ರಲ್ಲಿ ಉಸ್ಮಾನ್ ಸಾಗರವಾಯಿತು, ಇನ್ನೊಂದು 1927ರಲ್ಲಿ ಹಿಮಾಯತ್ ಸಾಗರ. ಹೈದರಾಬಾದಿನಲ್ಲಿರುವ ಕನ್ನಡಿಗರು ಯಾರಾದರೂ ನೆಂಟರು ಬಂದರೆ ಗಂಡಿಪೇಟೆಗೆ ಕರೆದುಕೊಂಡು ಹೋಗಿ ‘ಇದು ನಮ್ಮವರ ಪ್ಲಾನು’ ಎಂದು ತೋರಿಸುವುದು ವಾಡಿಕೆ. ನಾನೂ ತೋರಿಸಿದ್ದೇನೆ. ಆದರೆ ಈಚೆಗೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ವರ್ಷದ ಉಳಿದ ಎರಡು ಊರುಗಳ ಕೆಲಸ. ಯಾಕೆಂದರೆ ಅದು ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ನೇತಾಡುತ್ತಿದೆ.

ನನ್ನ ಉದ್ಯೋಗ ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರಿಕೆ. ದಿನವಿಡೀ ಹಸಿರು, ಹಳದಿ, ಕೆಂಪು ಬಣ್ಣದ ಚೌಕಗಳನ್ನು ನೋಡುವ ಕೆಲಸ. ಮನೆಯಲ್ಲಿ 120 ಲೀಟರಿನ ಒಂದು ಅಕ್ವೇರಿಯಂ ಇದೆ. ಅದರಲ್ಲಿ ಮೂರು ಪ್ರೋಬ್‌ಗಳು: ಉಷ್ಣತೆಗೊಂದು, ಪಿಎಚ್‌ಗೊಂದು, ನೀರಿನಲ್ಲಿ ಕರಗಿದ ಆಮ್ಲಜನಕಕ್ಕೊಂದು. ಅಷ್ಟು ಚಿಕ್ಕ ತೊಟ್ಟಿಗೆ ಇಷ್ಟೆಲ್ಲ ಯಾಕೆ ಎಂದು ಮನೆಯವರು ಕೇಳುವುದುಂಟು. ಮೀನಿಗಾಗಿ ಕೊಂಡ ಈ ಮೂರು ಕಡ್ಡಿಗಳು ನನಗೆ ಅಳತೆಯ ಚರಿತ್ರೆಯನ್ನೇ ಕಲಿಸಿದವು ಎನ್ನುವುದು ನನ್ನ ಉತ್ತರ.

ಅಕ್ವೇರಿಯಂ ಎಂಬ ಹವ್ಯಾಸ ಪ್ರೋಬ್‌ಗಿಂತ ಹಳೆಯದು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರೆಯಲ್ಲಿ ಚಿನ್ನದ ಮೀನು, ನೀರಿನ ಗಿಡ, ಬಸವನಹುಳು ಮೂರನ್ನೂ ಇಟ್ಟು, ನೀರು ಬದಲಿಸದೆಯೇ ಅವು ಬಾಳಬಲ್ಲವು ಎಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. ಮುಂಬಯಿಯ ತಾರಾಪೋರ್‌ವಾಲಾ ಅಕ್ವೇರಿಯಂ ಶುರುವಾದದ್ದು 1951ರಲ್ಲಿ, ನಮ್ಮ ಕಬ್ಬನ್ ಪಾರ್ಕಿನದು 1983ರಲ್ಲಿ. ಈ ಹವ್ಯಾಸದ ಮೊದಲ ದಿನಗಳಲ್ಲಿ ನೀರು ಕೆಟ್ಟಿದೆ ಎಂದು ಹೇಳುತ್ತಿದ್ದುದು ಮೀನೇ. ಅದು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ಆಮ್ಲಜನಕ ಸಾಲದು ಎಂದರ್ಥ. ಮೀನು ಒಳ್ಳೆಯ ಪ್ರೋಬ್, ಆದರೆ ಅದು ಸುದ್ದಿ ಕೊಡುವುದು ತೀರಾ ತಡವಾಗಿ.

ಬೇಗ ತಿಳಿಯಲು ಬೇಕಾದ ದಾರಿಗಳು ಒಂದೊಂದಾಗಿ ಬಂದವು. 1888ರಲ್ಲಿ ಬುಡಾಪೆಸ್ಟಿನ ಲಾಯೋಶ್ ವಿಂಕ್ಲರ್ ನೀರಿನ ಮಾದರಿಗೆ ಮ್ಯಾಂಗನೀಸ್ ಮತ್ತು ಅಯೋಡೈಡ್ ಲವಣಗಳನ್ನು ಹಾಕಿ, ಕರಗಿದ ಆಮ್ಲಜನಕವನ್ನು ಕಂದು ಗಸಿಯಾಗಿ ಹಿಡಿದು ಅಳೆಯುವ ವಿಧಾನ ಕಂಡುಹಿಡಿದ. ಮರುವರ್ಷ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ದ್ರಾವಣದ ಸಾಂದ್ರತೆಗೂ ವಿದ್ಯುತ್ ಒತ್ತಡಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿ ಬರೆದ. ಇಪ್ಪತ್ತು ವರ್ಷ ಕಳೆದು ಸೋರೆನ್ಸನ್ನನ ಮಾನ ಮತ್ತು ಹೇಬರನ ಗಾಜು ಬಂದಾಗ ಪಿಎಚ್ ಪ್ರೋಬಿಗೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು. ಆದರೂ ಅದು ಪ್ರಯೋಗಾಲಯ ಬಿಟ್ಟು ಹೊರಗೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. ಗಾಜು ವಿದ್ಯುತ್ತಿಗೆ ಅಪಾರ ತಡೆ ಒಡ್ಡುತ್ತದೆ, ಅದರಾಚೆ ಹುಟ್ಟುವ ಸೂಕ್ಷ್ಮ ಒತ್ತಡವನ್ನು ಓದುವ ಉಪಕರಣಗಳು ಮುಟ್ಟಿದರೆ ಮುರಿಯುವಂಥವು.

ಬಿಡುಗಡೆ ಸಿಕ್ಕಿದ್ದು ನಿಂಬೆಹಣ್ಣಿನಿಂದ. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರಿ ಸಂಸ್ಥೆಯಲ್ಲಿದ್ದ ಗ್ಲೆನ್ ಜೋಸೆಫ್ ಎಂಬ ರಸಾಯನಶಾಸ್ತ್ರಜ್ಞ ನಿಂಬೆರಸದ ಹುಳಿ ಅಳೆಯಲು ಒದ್ದಾಡುತ್ತಿದ್ದ. ರಸ ಕೆಡದಂತೆ ಹಾಕಿದ ಗಂಧಕದ ಡೈಆಕ್ಸೈಡ್ ಲಿಟ್ಮಸಿನ ಬಣ್ಣವನ್ನೇ ತಿನ್ನುತ್ತಿತ್ತು. ಆತ ಹಳೆಯ ಗೆಳೆಯ ಆರ್ನಾಲ್ಡ್ ಬೆಕ್‌ಮನ್‌ನ ಬಳಿ ಹೋದ. ಬೆಕ್‌ಮನ್ ಮಾಡಿದ್ದು ಇಷ್ಟೆ: ಗಾಜಿನ ಪ್ರೋಬಿನ ಹಿಂದೆ ರೇಡಿಯೋದಲ್ಲಿ ಬಳಸುವಂಥ ನಿರ್ವಾತ ಕೊಳವೆಯ ಆಂಪ್ಲಿಫೈಯರ್ ಕೂರಿಸಿ, ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿಟ್ಟ. ಇಂದು ಕೈಯಲ್ಲಿ ಹಿಡಿಯುವ ಪೆನ್ನಿನಂಥ ಮೀಟರುಗಳೆಲ್ಲ ಆ ಪೆಟ್ಟಿಗೆಯ ಮೊಮ್ಮಕ್ಕಳು.

ಈಗ ಈ ಲೇಖನದ ತಲೆಬರಹಕ್ಕೆ ಬರುತ್ತೇನೆ. ಪಿಎಚ್ ಪ್ರೋಬಿನ ಗಾಜಿನ ಗುಂಡಿನೊಳಗೆ ಪಿಎಚ್ 7 ಇರುವ ದ್ರಾವಣ ತುಂಬಿರುತ್ತಾರೆ. ಹೊರಗಿನ ನೀರೂ 7 ಆಗಿದ್ದರೆ ಒಳಗೂ ಹೊರಗೂ ವ್ಯತ್ಯಾಸವಿಲ್ಲ, ಆದ್ದರಿಂದ ಒತ್ತಡ ಸೊನ್ನೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ ಒಂದು ಅಂಕ ಬದಲಾದರೆ ಸುಮಾರು 59 ಮಿಲಿವೋಲ್ಟ್ ಹುಟ್ಟುತ್ತದೆ, ಇದು ನೆರ್ನ್‌ಸ್ಟ್ ಸೂತ್ರದ ಲೆಕ್ಕ. ಮೀಟರು ಮಾಡುವುದು ಈ ಮಿಲಿವೋಲ್ಟನ್ನು ಪಿಎಚ್ ಆಗಿ ಅನುವಾದಿಸುವುದು, ಅಷ್ಟೆ. ಈಗ ಕೇಬಲ್ಲಿನೊಳಗೆ ತೇವ ಹೋಗಿ ಶಾರ್ಟ್ ಆಯಿತು ಎಂದುಕೊಳ್ಳಿ. ಆಗಲೂ ಒತ್ತಡ ಸೊನ್ನೆ. ಮೀಟರಿಗೆ ಈ ಎರಡು ಸೊನ್ನೆಗಳ ನಡುವಿನ ಭೇದ ತಿಳಿಯದು. ಅದು ಶಾಂತವಾಗಿ 7.0 ಎಂದು ತೋರಿಸುತ್ತದೆ. ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ, ಯಾರಿಗೂ ಅನುಮಾನ ಬಾರದ ಅಂಕಿ.

ಆಮ್ಲಜನಕದ ಪ್ರೋಬ್ ಇಷ್ಟು ಮೌನಿಯಲ್ಲ. ಅದನ್ನು ಮಾಡಿದವನು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್, 1950ರ ದಶಕದ ನಡುವೆ. ಅವನ ಚಿಂತೆ ಮೀನಿನದ್ದಲ್ಲ. ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಯಂತ್ರದ ಮೂಲಕ ಹರಿಯುವ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತಿಳಿಯಬೇಕಿತ್ತು. ಪ್ಲಾಟಿನಂ ತಂತಿಯನ್ನು ನೇರವಾಗಿ ರಕ್ತದಲ್ಲಿಟ್ಟರೆ ರಕ್ತ ಅಂಟಿ ಅದು ಕೆಡುತ್ತಿತ್ತು. ಕ್ಲಾರ್ಕ್ ತಂತಿಗೆ ತೆಳುವಾದ ಪಾಲಿಥೀನ್ ಪೊರೆ ಹೊದಿಸಿದ. ಆಮ್ಲಜನಕ ಪೊರೆಯನ್ನು ದಾಟುತ್ತದೆ, ರಕ್ತ ದಾಟದು. ಆಸ್ಪತ್ರೆಗೆಂದು ಹುಟ್ಟಿದ ಈ ಉಪಾಯ ಕೆರೆಗೂ ಮೀನಿನ ತೊಟ್ಟಿಗೂ ಬಂತು. ಈ ಪ್ರೋಬಿನ ವಿದ್ಯುತ್ ಹರಿವು ನಿಂತರೆ ಅದು ಸೊನ್ನೆ ತೋರಿಸುತ್ತದೆ, ಅಂದರೆ ಆಮ್ಲಜನಕವೇ ಇಲ್ಲ ಎಂದು ಕೂಗುತ್ತದೆ. ಆ ಕೂಗು ಸುಳ್ಳಾದರೂ ನಾವು ಓಡಿ ಹೋಗಿ ನೋಡುತ್ತೇವೆ. ‘ಏಳು’ ಎನ್ನುವ ಪ್ರೋಬನ್ನು ಯಾರೂ ನೋಡಲು ಹೋಗುವುದಿಲ್ಲ.

ಹೋಗದಿದ್ದರೆ ಏನಾಗುತ್ತದೆ? ಮೀನಿನ ಗಲೀಜಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತಲೇ ಇರುತ್ತದೆ. (ಅಮೋನಿಯಾವನ್ನು ಗಾಳಿಯ ಸಾರಜನಕದಿಂದ ಮಾಡಿ ತೋರಿಸಿದವನೂ ಇದೇ ಹೇಬರ್, ಅದೂ 1909ರಲ್ಲೇ.) ಅದರ ಎರಡು ರೂಪಗಳಲ್ಲಿ ಒಂದು ಮೀನಿಗೆ ಅಷ್ಟೇನೂ ಅಪಾಯಕಾರಿಯಲ್ಲ, ಇನ್ನೊಂದು ವಿಷ. ಯಾವುದು ಎಷ್ಟು ಎಂದು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣತೆ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇಕಡಾ 7ರಿಂದ 8. ಅಂದರೆ ಮೀಟರು 7 ಎನ್ನುತ್ತಿರುವಾಗ ನೀರು ನಿಜಕ್ಕೂ 8 ಆಗಿದ್ದರೆ, ನಮ್ಮ ಲೆಕ್ಕಕ್ಕಿಂತ ಸುಮಾರು ಹತ್ತು ಪಟ್ಟು ವಿಷದಲ್ಲಿ ಮೀನು ಈಜುತ್ತಿರುತ್ತದೆ.

ಆದ್ದರಿಂದ ಪ್ರೋಬನ್ನು ಆಗಾಗ ಪರೀಕ್ಷೆಗೆ ಕೂರಿಸಬೇಕು. ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಅದಕ್ಕೆ ಕೇಳಬೇಕು. ಕ್ಯಾಲಿಬ್ರೇಷನ್ ಎಂದರೆ ಇಷ್ಟೇ. ಪಿಎಚ್ 7.00 ಮತ್ತು 4.01 ಎಂದು ಖಚಿತವಾಗಿ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಅದ್ದಿ, ಮೀಟರು ಏನು ಹೇಳುತ್ತದೆ ಎಂದು ನೋಡುವುದು, ತಪ್ಪಿದ್ದರೆ ಸರಿಪಡಿಸುವುದು. ಒಂದೇ ಬಾಟಲಿ ಸಾಲದು. 7ರ ಬಾಟಲಿಯಲ್ಲಿ ಸತ್ತ ಪ್ರೋಬೂ ಪಾಸಾಗುತ್ತದೆ. ಎರಡನೆಯ ಬಾಟಲಿಯೇ ನಿಜವಾದ ಪರೀಕ್ಷೆ.

ಇದು ನಮಗೆ ಹೊಸದೇನಲ್ಲ. ಬಳ್ಳಿಗಾವೆಯ ಶಾಸನಗಳಲ್ಲಿ ಭೂಮಿ ಅಳೆಯುವ ‘ಭೇರುಂಡ ಗಳೆ’ಯ ಹೆಸರು ಬರುತ್ತದೆ. ಗಳೆಗೆ ಹೀಗೊಂದು ಹೆಸರು ಕೊಟ್ಟು ಕಲ್ಲಿನಲ್ಲಿ ಕೊರೆಯಿಸುವುದು ಯಾಕೆ? ನನ್ನ ಗಳೆ, ನಿನ್ನ ಗಳೆ ಎಂಬ ಜಗಳ ಬಂದರೆ ಇಬ್ಬರೂ ಒಪ್ಪುವ ಮೂರನೆಯದೊಂದು ಇರಬೇಕು. ಸಂತೆಯ ಸೇರು, ಕೊಳಗಗಳಿಗೆ ಸರಕಾರಿ ಮುದ್ರೆ ಬೀಳುತ್ತಿದ್ದುದೂ ಇದಕ್ಕೇ. ಮುದ್ರೆಯಿಲ್ಲದ ಸೇರಿನಲ್ಲಿ ಅಳೆದ ಅಕ್ಕಿಯನ್ನು ನಮ್ಮ ಅಜ್ಜಿಯಂದಿರು ನಂಬುತ್ತಿರಲಿಲ್ಲ. ಡಿಜಿಟಲ್ ಅಂಕಿಗೆ ಮಾತ್ರ ನಾವು ಮುದ್ರೆ ಕೇಳುವುದನ್ನು ಮರೆತಿದ್ದೇವೆ.

ನನ್ನ ಕ್ರಮ ಹೀಗಿದೆ. ಪಿಎಚ್ ಪ್ರೋಬಿಗೆ ಹದಿನೈದು ದಿನಕ್ಕೊಮ್ಮೆ ಎರಡು ಬಾಟಲಿಯ ಪರೀಕ್ಷೆ. ದೊಡ್ಡ ಬಾಟಲಿಯಿಂದ ಚಿಕ್ಕ ಲೋಟಕ್ಕೆ ಸುರಿದು ಬಳಸಿ ಚೆಲ್ಲುತ್ತೇನೆ, ತಿರುಗಿ ಬಾಟಲಿಗೆ ಹಾಕುವುದಿಲ್ಲ. ಸೂತ್ರದ 59 ಮಿಲಿವೋಲ್ಟಿಗೆ ಹೋಲಿಸಿದರೆ ನಮ್ಮ ಪ್ರೋಬ್ ಎಷ್ಟು ಕೊಡುತ್ತಿದೆ ಎಂಬ ಶೇಕಡಾವಾರನ್ನು ಸ್ಲೋಪ್ ಎನ್ನುತ್ತಾರೆ. ಅದನ್ನು ತಾರೀಖಿನೊಂದಿಗೆ ಬರೆದಿಡುತ್ತೇನೆ. 95ರ ಮೇಲಿದ್ದರೆ ಆರೋಗ್ಯ, 90ರ ಕೆಳಗಿಳಿದರೆ ಶುಚಿ ಮಾಡಿ ನೋಡಬೇಕು, ಆಗಲೂ ಏಳದಿದ್ದರೆ ಹೊಸತು ಕೊಳ್ಳಬೇಕು. ಗಾಜಿನ ಪ್ರೋಬಿಗೆ ಆಯುಸ್ಸೇ ಒಂದೆರಡು ವರ್ಷ. ಬಳಸದಿರುವಾಗ ಅದರ ತುದಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆದಿರಬೇಕು. ‘ಶುದ್ಧ ನೀರಲ್ಲವೇ’ ಎಂದು ಆರ್‌ಒ ನೀರಿನಲ್ಲಿಡುವವರಿದ್ದಾರೆ. ಆ ಶುದ್ಧ ನೀರು ಪ್ರೋಬಿನೊಳಗಿನ ಲವಣವನ್ನೇ ಎಳೆದು ಹಾಕುತ್ತದೆ. ಉಷ್ಣತೆಯ ಪ್ರೋಬಿಗೆ ಕರಗುತ್ತಿರುವ ಮಂಜುಗಡ್ಡೆಯ ನೀರು ಸಾಕು, ಅದು ಸೊನ್ನೆ ಡಿಗ್ರಿ. ಕುದಿಯುವ ನೀರನ್ನು ನಂಬಬೇಡಿ. ಹೈದರಾಬಾದಿನ ಎತ್ತರದಲ್ಲಿ ನೀರು 100 ಅಲ್ಲ, ಸುಮಾರು 98 ಡಿಗ್ರಿಗೇ ಕುದಿಯುತ್ತದೆ.

ಎತ್ತರದ ಮಾತು ಆಮ್ಲಜನಕದ ಪ್ರೋಬಿಗೆ ಇನ್ನೂ ಮುಖ್ಯ. ಅದನ್ನು ಪರೀಕ್ಷಿಸಲು ಬಾಟಲಿ ಬೇಡ, ತೇವ ತುಂಬಿದ ಗಾಳಿ ಸಾಕು. ಒದ್ದೆ ಸ್ಪಂಜಿನ ಮೇಲೆ ಹಿಡಿದು ‘ಇದು ನೂರಕ್ಕೆ ನೂರು’ ಎಂದು ಹೇಳಿಕೊಟ್ಟರಾಯಿತು. ಆದರೆ ನೂರು ಎಂದರೆ ಎಷ್ಟು ಎನ್ನುವುದು ಊರಿನಿಂದ ಊರಿಗೆ ಬೇರೆ. 30 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 7.6 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 540 ಮೀಟರ್ ಎತ್ತರದ ಹೈದರಾಬಾದಿನಲ್ಲಿ ಸುಮಾರು 7.1. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 6.7. ಮಂಗಳೂರಿನಲ್ಲಿ ಹೊಂದಿಸಿದ ಮೀಟರನ್ನು ಬೆಂಗಳೂರಿಗೋ ಹೈದರಾಬಾದಿಗೋ ತಂದು ಹಾಗೇ ಬಳಸಿದರೆ ಅದು ಹಳೆಯ ಊರಿನ ಗಾಳಿಯ ಲೆಕ್ಕವನ್ನೇ ಹೇಳುತ್ತಿರುತ್ತದೆ. ವಲಸೆ ಬಂದವರು ಇದನ್ನು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ಗಾಜಿನ ತೊಟ್ಟಿಯ ವಿಷಯ. ಅದು ತೊಟ್ಟಿಯಾಚೆಗೂ ಹೋಗುತ್ತದೆ ಎಂದು ನನಗೆ ತಿಳಿದದ್ದು ನಾವಿರುವ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ. ಶುದ್ಧವಾದ ನೀರಿನಲ್ಲಿ ಸ್ವಲ್ಪ ಗಿಡಗಳಿಗೆ ಹೋಗುತ್ತದೆ, ಉಳಿದದ್ದು ಮೋರಿಯ ಮೂಲಕ ಕೆರೆಗೆ. ಘಟಕದ ಗೋಡೆಯ ಮೇಲೊಂದು ಪಿಎಚ್ ಮೀಟರು, ಕೆಳಗೊಂದು ರಿಜಿಸ್ಟರು. ಸಮಿತಿಯ ಕೆಲಸಕ್ಕೆಂದು ಹೋದಾಗ ಪುಟ ತಿರುಗಿಸಿದೆ. ತಿಂಗಳುಗಟ್ಟಲೆ 7.0, 7.0, 7.0. ಮನೆಯಿಂದ 4ರ ಬಾಟಲಿ ತಂದು ಪ್ರೋಬನ್ನು ತೊಳೆದು ಅದ್ದಿದೆವು. 7.0. ಘಟಕ ನೋಡಿಕೊಳ್ಳುವ ಹುಡುಗ ತನ್ನ ಊಟದ ಡಬ್ಬಿಯಲ್ಲಿದ್ದ ನಿಂಬೆಹೋಳು ಹಿಂಡಿದ. ಬೆಕ್‌ಮನ್ನನ ಪೆಟ್ಟಿಗೆ ಮೊದಲು ಅಳೆದ ಅದೇ ನಿಂಬೆರಸ. ಅದರಲ್ಲೂ 7.0. ಹುಡುಗ ನಕ್ಕ, ಆಮೇಲೆ ಸುಮ್ಮನಾದ. ಅವನ ತಪ್ಪೇನೂ ಇರಲಿಲ್ಲ. ಗೋಡೆಯ ಮೇಲೆ ಕಂಡ ಅಂಕಿಯನ್ನು ಬರೆ ಎಂದು ಅವನಿಗೆ ಹೇಳಿದ್ದರು, ಅವನು ಒಂದು ದಿನವೂ ತಪ್ಪದೆ ಬರೆದಿದ್ದ. ಪ್ರೋಬನ್ನು ಯಾವಾಗ ಪರೀಕ್ಷಿಸಿದ್ದು ಎಂಬ ಕಾಲಮ್ಮೇ ಆ ರಿಜಿಸ್ಟರಿನಲ್ಲಿರಲಿಲ್ಲ. ಈಗ ಹೊಸ ಪ್ರೋಬಿದೆ, ಕಾಲಮ್ಮೂ ಇದೆ. ಎರಡು ಬಾಟಲಿಯ ಪರೀಕ್ಷೆಯನ್ನು ಆ ಹುಡುಗ ನನಗಿಂತ ಅಚ್ಚುಕಟ್ಟಾಗಿ ಮಾಡುತ್ತಾನೆ.

ಇದನ್ನು ಊರಿನ ಮಟ್ಟಕ್ಕೆ ಹಿಗ್ಗಿಸಿ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೆಚ್ಚು ಮಾಲಿನ್ಯ ಮಾಡುವ 17 ವರ್ಗಗಳ ಕೈಗಾರಿಕೆಗಳು ತಮ್ಮ ಹೊಗೆ ಮತ್ತು ತ್ಯಾಜ್ಯ ನೀರಿಗೆ ಆನ್‌ಲೈನ್ ಸೆನ್ಸರ್ ಹಾಕಬೇಕೆಂದು ಆದೇಶಿಸಿತು. ಅಧಿಕಾರಿ ಬರುವ ದಿನ ಮಾತ್ರ ನೀರು ಚೆನ್ನಾಗಿರುವ ಹಳೆಯ ಆಟಕ್ಕೆ ಇದು ಒಳ್ಳೆಯ ಮದ್ದು. ಆದರೆ ಪ್ರೋಬ್ ಇರುವುದು ತ್ಯಾಜ್ಯ ಬಿಡುವವರ ಅಂಗಳದಲ್ಲಿ, ಅದನ್ನು ತೊಳೆಯಬೇಕಾದವರೂ ಅವರೇ. ಅಂಕಿ ಸರ್ವರಿಗೆ ಬಂದಿತೇ ಎಂದು ನೋಡುವುದು ಸುಲಭ. ಅಂಕಿ ಕೊಟ್ಟ ಪ್ರೋಬ್ ಬದುಕಿದೆಯೇ ಎಂದು ನೋಡಲು ಯಾರಾದರೂ ಬಾಟಲಿ ಹಿಡಿದು ಅಲ್ಲಿಗೆ ಹೋಗಬೇಕು.

ಹೊತ್ತು ಕೂಡ ಮುಖ್ಯ. ಹಗಲು ಪಾಚಿ ಮತ್ತು ಗಿಡಗಳು ನೀರಿಗೆ ಆಮ್ಲಜನಕ ಬಿಡುತ್ತವೆ, ರಾತ್ರಿ ಅವೂ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಕೊಳಚೆ ಸೇರಿದ ಕೆರೆಯಲ್ಲಿ ಬ್ಯಾಕ್ಟೀರಿಯಾಗಳ ಖರ್ಚೂ ಸೇರುತ್ತದೆ. ಹೀಗಾಗಿ ಬೆಳಗು ಹರಿಯುವ ಮುನ್ನ ಆಮ್ಲಜನಕ ಅತಿ ಕಡಿಮೆ, ಮಧ್ಯಾಹ್ನದ ನಂತರ ಅತಿ ಹೆಚ್ಚು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. 2017ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಅಂಚಿನ ಪಟಾನ್‌ಚೆರು ಬಳಿಯ ಗಂಡಿಗೂಡೆಂ ಕೆರೆಯಲ್ಲಿ ಟನ್ನುಗಟ್ಟಲೆ. ಮೀನುಗಾರರು ಅದರ ಮೇಲೆ ಬದುಕುತ್ತಿದ್ದ ಕೆರೆ ಅದು. 1562ರಲ್ಲಿ ಕಟ್ಟಿದ, ಒಂದು ಕಾಲಕ್ಕೆ ಊರಿಗೇ ಕುಡಿಯುವ ನೀರು ಕೊಟ್ಟ ಹುಸೇನ್ ಸಾಗರದ ದಡದಲ್ಲಿ ಇಂದು ನಾವು ಮೂಗು ಮುಚ್ಚಿಕೊಂಡು ಐಸ್‌ಕ್ರೀಂ ತಿನ್ನುತ್ತೇವೆ. ಇಂಥ ನೀರಿಗೆ ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಪ್ರೋಬ್ ಇಳಿಸಿ ‘ಪರವಾಗಿಲ್ಲ’ ಎಂದು ಬರೆದರೆ ಅಂಕಿ ನಿಜವಿರಬಹುದು, ತೀರ್ಮಾನ ಮಾತ್ರ ತಪ್ಪು.

ಮುಟ್ಟಲಾಗದ ಪ್ರೋಬನ್ನು ಏನು ಮಾಡುವುದು? ಇದಕ್ಕೂ ಹೈದರಾಬಾದಿನಲ್ಲೇ ಉತ್ತರವಿದೆ. ಕಡಲೇ ಇಲ್ಲದ ಈ ಊರಿನ ಪ್ರಗತಿನಗರದಲ್ಲಿ ಸಾಗರ ಮಾಹಿತಿಯ ರಾಷ್ಟ್ರೀಯ ಕೇಂದ್ರ ‘ಇನ್‌ಕಾಯ್ಸ್’ ಇದೆ. ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆಯ ಭಾರತದ ದತ್ತಾಂಶ ಕೇಂದ್ರ ಅದೇ. ಜಗತ್ತಿನ ಸಾಗರಗಳಲ್ಲಿ ಸಾವಿರಾರು ಆರ್ಗೋ ತೇಲುಕೊಳವೆಗಳಿವೆ. ಅವು ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆ, ಲವಣಾಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಸಮುದ್ರಕ್ಕೆ ಬಿಟ್ಟ ಮೇಲೆ ಬಹುತೇಕ ಕೊಳವೆಗಳನ್ನು ಯಾರೂ ಮರಳಿ ತರುವುದಿಲ್ಲ, ಬಾಟಲಿ ಹಿಡಿದು ಹೋಗುವಂತೆಯೂ ಇಲ್ಲ. ಆಗ ಆಳದ ನೀರನ್ನೇ ಬಾಟಲಿ ಮಾಡಿಕೊಳ್ಳುತ್ತಾರೆ. ಆಳದಲ್ಲಿ ಲವಣಾಂಶ ಬಹಳ ನಿಧಾನವಾಗಿ ಬದಲಾಗುತ್ತದೆ. ಹಡಗುಗಳು ಹಿಂದೆ ಅಳೆದ ಅಂಕಿಗಳಿಗೂ ಅಕ್ಕಪಕ್ಕದ ಕೊಳವೆಗಳ ಅಂಕಿಗಳಿಗೂ ಹೋಲಿಸಿ, ಯಾವ ಸೆನ್ಸರ್ ಜಾರುತ್ತಿದೆ ಎಂದು ಪತ್ತೆ ಮಾಡಿ ತಿದ್ದುತ್ತಾರೆ. ಆಮ್ಲಜನಕದ ಸೆನ್ಸರ್ ಇರುವ ಕೆಲವು ಕೊಳವೆಗಳು ಮೇಲೆ ಬಂದಾಗ ಗಾಳಿಯನ್ನೇ ಅಳೆದು ತಮ್ಮನ್ನು ಪರೀಕ್ಷಿಸಿಕೊಳ್ಳುತ್ತವೆ. ನನ್ನ ಒದ್ದೆ ಸ್ಪಂಜಿನ ಲೆಕ್ಕವೇ, ಹಿಂದೂ ಮಹಾಸಾಗರದ ನಡುವೆ. ಕೊಳವೆ ಕಳಿಸಿದ ಅಂಕಿ ಮೊದಲು ಒಂದು ರೂಪದಲ್ಲಿ ಹೊರಬರುತ್ತದೆ. ತಜ್ಞರು ಕೂತು ನೋಡಿದ ಮೇಲೆ ತಿದ್ದಿದ ರೂಪ ಬರುತ್ತದೆ. ಎರಡನ್ನೂ ಇಟ್ಟಿರುತ್ತಾರೆ, ಯಾವುದು ಯಾವುದೆಂದು ಗುರುತು ಹಾಕಿರುತ್ತಾರೆ.

ನಮ್ಮ ಐಟಿ ಕೆಲಸದಲ್ಲಿ ಇದಕ್ಕೆ ಸಮಾನವಾದ ಒಂದು ಪದ್ಧತಿಯಿದೆ. ಅಲಾರಂ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಆಗಾಗ ಬೇಕೆಂದೇ ಒಂದು ಸುಳ್ಳು ತೊಂದರೆಯನ್ನು ಒಳಗೆ ಬಿಡುತ್ತೇವೆ. ಅಲಾರಂ ಹೊಡೆಯದಿದ್ದರೆ ಅದುವರೆಗೆ ಕಂಡ ಹಸಿರೆಲ್ಲ ಅನುಮಾನಕ್ಕೆ ಗುರಿ. 4ರ ಬಾಟಲಿ ಮಾಡುವುದೂ ಅದನ್ನೇ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಶುದ್ಧೀಕರಣ ಘಟಕವಿರುವ ಅಪಾರ್ಟ್‌ಮೆಂಟುಗಳಲ್ಲಿರುತ್ತೀರಿ. ಮುಂದಿನ ಸಭೆಯಲ್ಲಿ ಲಿಫ್ಟು, ಪಾರ್ಕಿಂಗಿನ ಜಗಳದ ನಡುವೆ ಮೂರು ಪ್ರಶ್ನೆ ಕೇಳಿ ನೋಡಿ: ಪ್ರೋಬನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವ ತಾರೀಖು? ಎಷ್ಟು ಬಾಟಲಿಯಲ್ಲಿ? ಆಗ ಬಂದ ಸ್ಲೋಪ್ ಎಷ್ಟು? ಉತ್ತರ ಸಿಗದಿದ್ದರೆ ಒಂದು 4ರ ಬಾಟಲಿ ಕೊಂಡು ಕೆಳಗಿಳಿಯಿರಿ. ಬಾಟಲಿ ಸಿಗದಿದ್ದರೆ ನಿಂಬೆಹಣ್ಣೂ ನಡೆಯುತ್ತದೆ.